ದೊಡ್ಡಪ್ಪನ ಶನಿವಾರದ ಪಾಪಗಳು

ನಮ್ಮ ದೊಡ್ಡಪ್ಪನಿಗೆ ಪಾಪ ಮಾಡುವ ಯೋಗ್ಯತೆಯೇ ಇರಲಿಲ್ಲ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ! ಪಾಪ ಮಾಡುವುದಕ್ಕೂ ಒಂದಿಷ್ಟು ಧೈರ್ಯ, ಒಂದಿಷ್ಟು ಕಲ್ಪನೆ ಬೇಕಲ್ಲವೇ? ಈ ಮಹಾಶಯನಲ್ಲಿ ಎರಡೂ ಇರಲಿಲ್ಲ. ಆದರೂ ರಾಮನಗರದ ಕ್ರೈಸ್ತರಲ್ಲೆಲ್ಲ ತನ್ನಷ್ಟು ದೊಡ್ಡ ಪಾಪಿ ಇನ್ನೊಬ್ಬನಿಲ್ಲ ಎಂದು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ. ಬೇರೆಯವರು ಮನೆ ಕಟ್ಟಿಸಿದ್ದನ್ನು ಹೇಳಿಕೊಂಡರೆ ಈತ ಪಾಪ ಹೇಳಿಕೊಳ್ಳುತ್ತಿದ್ದ.

ಕಸುಬು ರೇಷ್ಮೆಗೂಡು ಬೇಯಿಸಿ ನೂಲು ತೆಗೆಸುವುದು. ಯಂತ್ರಗಳ ಗಡಗಡ ಸದ್ದಿನಲ್ಲಿ ಕಿವಿ ಮಂದವಾಗಿತ್ತು. ತನಗೆ ಕೇಳದ್ದು ದೇವರಿಗೂ ಕೇಳುವುದಿಲ್ಲ ಎಂದು ಗಟ್ಟಿಯಾಗಿ ನಂಬಿದ್ದ.

ಶನಿವಾರ ಸಂಜೆ ಚರ್ಚಿನಲ್ಲಿ ಪಾಪನಿವೇದನೆ. ಜಾಲರಿಯ ಆಚೆ ಫಾದರ್ ಕೂತಿರುತ್ತಾರೆ. ಈಚೆ ಮಂಡಿಯೂರಿ ನಮ್ಮ ತಪ್ಪುಗಳನ್ನು ಪಿಸುಗುಟ್ಟಬೇಕು. ಅವರು ದೇವರ ಹೆಸರಿನಲ್ಲಿ ಕ್ಷಮಿಸಿ ಒಂದು ಪ್ರಾಯಶ್ಚಿತ್ತ ಕೊಡುತ್ತಾರೆ. ಆದರೆ ದೊಡ್ಡಪ್ಪನಿಗೂ ಪಿಸುಮಾತಿಗೂ ಎಲ್ಲಿಯ ಸಂಬಂಧ?

"ಸಾಮೀ, ಉಪವಾಸದ ಶುಕ್ರವಾರ ಬಿಡದೀಲಿ ತಟ್ಟೆ ಇಡ್ಲಿ ತಿಂದ್ಬುಟ್ಟೆ! ಮ್ಯಾಲೆ ಬೆಣ್ಣೆ ಬ್ಯಾರೆ ಹಾಕುಸ್ಕಂಡೆ!"

ಸಾಲಿನಲ್ಲಿ ಕಾಯುತ್ತಿದ್ದ ನಮ್ಮೆಲ್ಲರ ಬಾಯಲ್ಲೂ ನೀರು. ಹಸಿದ ಭಕ್ತರ ವ್ರತವನ್ನು ಇಷ್ಟು ಸಲೀಸಾಗಿ ಕೆಡಿಸುವ ವಿದ್ಯೆ ಸೈತಾನನಿಗಾದರೂ ಗೊತ್ತಿತ್ತೋ ಇಲ್ಲವೋ! ತನ್ನವು ಮುಗಿದ ಮೇಲೆ ಅಕ್ಕಪಕ್ಕದವರ ಸರದಿ.

"ಪಕ್ಕದ್ಮನೆಯೋನು ಹಾಲಿಗೆ ನೀರು ಬೆರುಸ್ತಾನೆ ಸಾಮೀ!"

ಕಿವುಡನಿಗೆ ಕೇಳಬೇಕಲ್ಲ, ಫಾದರೂ ಕೂಗಲೇಬೇಕು. "ಅದು ಅವನ ಪಾಪ. ನೀನು ನಿಂದು ಹೇಳಪ್ಪ!"

"ನೋಡ್ಕಂಡು ಸುಮ್ಕಿದ್ನಲ್ಲಾ, ಅದು ನಂದು!"

ಒಂದು ವಿಚಿತ್ರವೆಂದರೆ, ಕೊನೆಯಲ್ಲಿ ಆ ದನಿ ಇದ್ದಕ್ಕಿದ್ದಂತೆ ತಗ್ಗುತ್ತಿತ್ತು. ನಾವು ಎಷ್ಟು ಕತ್ತು ಚಾಚಿದರೂ ಏನೂ ಕೇಳುತ್ತಿರಲಿಲ್ಲ. ಪ್ರಾಯಶ್ಚಿತ್ತದ ಚೌಕಾಸಿ ನಡೆದಿರಬೇಕು ಎಂದು ನಾನು ನಗುತ್ತಿದ್ದೆ. ಚೌಕಾಸಿಯಂತೂ ಸುಳ್ಳಲ್ಲ. ಲೋಕವೆಲ್ಲ ಶಿಕ್ಷೆ ಕಡಿಮೆ ಮಾಡಿ ಎಂದರೆ ಈತ ಜಾಸ್ತಿ ಮಾಡಿ ಎನ್ನುವವನು! "ಮೂರು ಸಲ 'ನಮೋ ಮರಿಯಾ' ಹೇಳ್ಬೇಕಂತೆ! ನನ್ನೇನು ಸ್ಕೂಲ್ ಮಕ್ಕಳ ಜತೆ ಸೇರಿಸ್ಬುಟ್ರಾ?" ಎಂದು ಮನೆಗೆ ಬಂದು ಸಿಡಿಮಿಡಿಗೊಳ್ಳುತ್ತಿದ್ದ.

ಇಂಥವನಿಗೆ ತಕ್ಕ ಹೆಂಡತಿ ನಮ್ಮ ದೊಡ್ಡಮ್ಮ. ನನಗೆ ಬುದ್ಧಿ ಬಂದಾಗಿನಿಂದ ಆಕೆ ಗಂಡನ ಜೊತೆ ನೇರವಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಎಲ್ಲವೂ ಗೋಡೆಯ ಮೇಲಿನ ಯೇಸುವಿನ ಪಟದ ಮೂಲಕ! "ಯೇಸಪ್ಪಾ, ಮುದ್ದೆ ಆಗೈತೆ, ಉಣ್ಣೋರು ಬರ್ಬೌದು." "ಯೇಸಪ್ಪಾ, ಸೀಮೆಣ್ಣೆ ಮುಗ್ದೈತೆ, ತರೋರು ತರ್ಬೌದು." ಲೋಕವನ್ನು ಉಳಿಸಲು ಬಂದವನನ್ನು ಈ ಮನೆಯವರು ಸೀಮೆಣ್ಣೆಯ ಮಧ್ಯವರ್ತಿ ಮಾಡಿಟ್ಟಿದ್ದರು. ಗಂಡ ಕಿವುಡನಾದ್ದರಿಂದ ಆಕೆ ದೇವರನ್ನೂ ಗದರಿಸುವಂತೆ ಕೂಗಬೇಕಾಗಿತ್ತು. ಇಬ್ಬರಿಗೂ ತಲೆ ಕೆಟ್ಟಿದೆ ಎಂದು ನಾವು ತೀರ್ಮಾನಿಸಿಯಾಗಿತ್ತು.

ಒಂದು ವರ್ಷ ತಪಸ್ಸುಕಾಲಕ್ಕೆ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸಕ್ಕೆ, ಹೊಸ ಫಾದರ್ ಬಂದರು, ಚಿಕ್ಕ ವಯಸ್ಸಿನವರು. ಆ ಶನಿವಾರ ದೊಡ್ಡಪ್ಪ ಮುಖ ಕೆಂಪಗೆ ಮಾಡಿಕೊಂಡು ಹೊರಬಂದವನೇ ಅಂಗಳದಲ್ಲಿ ನನ್ನನ್ನು ಹಿಡಿದುಕೊಂಡ.

"ನೋಡ್ಲಾ, ಹೆಂಡ್ತಿ ತಾವ ಹೋಗಿ ಕ್ಷಮೆ ಕೇಳ್ಬೇಕಂತೆ! ಇದೂ ಒಂದು ಪ್ರಾಯಶ್ಚಿತ್ತವಾ? ಅದರ ಬದ್ಲು ಕನಕಪುರದ ಗಂಟ ಬರಿಗಾಲಲ್ಲಿ ನಡೀತೀನಿ!"

ನಡೆದೇಬಿಟ್ಟ ಕಣ್ರೀ! ಅಂಗಾಲೆಲ್ಲ ಬೊಬ್ಬೆ. ಕುಂಟುತ್ತ ಬಂದು ಜಾಲರಿಯ ಮುಂದೆ ವರದಿ ಒಪ್ಪಿಸಿದ. ಆಚೆಯಿಂದ ಫಾದರ್ ಕೂಗಿದರು: "ಒಳ್ಳೇದಾಯ್ತು. ನಿಮ್ಮ ಹೆಂಡತಿ ಕನಕಪುರದಲ್ಲಿದ್ದಾರಾ?"

ಸಾಲಿಗೆ ಸಾಲೇ ನಕ್ಕಿತು.

ಪ್ರಾಯಶ್ಚಿತ್ತ ತೀರಿಸದೆ ಪ್ರಸಾದ ಮುಟ್ಟಬಾರದು ಎಂದು ದೊಡ್ಡಪ್ಪ ತನಗೆ ತಾನೇ ಕಾನೂನು ಮಾಡಿಕೊಂಡ. ಭಾನುವಾರದ ಪೂಜೆಯಲ್ಲಿ ಎಲ್ಲರೂ ಪ್ರಸಾದಕ್ಕೆ ಎದ್ದು ಹೋದರೆ ಈತನೊಬ್ಬ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿರುತ್ತಿದ್ದ. ಏನೋ ಭಾರೀ ಪಾಪ ಮಾಡಿದ್ದಾನೆ ಎಂದು ಜನ ಗುಸುಗುಸು ಮಾತಾಡಿಕೊಂಡರು. ಜೀವಮಾನವೆಲ್ಲ ಬಯಸಿದ್ದ ಕೀರ್ತಿ ಕೊನೆಗೂ ಸಿಕ್ಕಿತ್ತು! ಆದರೆ ಅನುಭವಿಸುವ ಮುಖ ಅದಾಗಿರಲಿಲ್ಲ. ಊಟ ಕಡಿಮೆಯಾಯಿತು, ಹಾಲಿಗೆ ನೀರು ಬೆರೆಸುವವನ ಸುದ್ದಿಯೂ ನಿಂತಿತು. ಈಸ್ಟರ್ ಹಬ್ಬಕ್ಕೂ ಹೀಗೇ ಕೂತಿರಬೇಕೇ ಎನ್ನುವುದೊಂದೇ ಚಿಂತೆ.

ಈಸ್ಟರಿನ ಹಿಂದಿನ ದಿನ ಮಧ್ಯಾಹ್ನ ನಾನು ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ದೊಡ್ಡಮ್ಮ ಮುದ್ದೆ ಕಟ್ಟುತ್ತಿದ್ದಳು. ದೊಡ್ಡಪ್ಪ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತ. ಆಮೇಲೆ ಅವನ ಮಾಮೂಲಿ ಗಂಟಲಲ್ಲಿ, ಬೀದಿಗೆಲ್ಲ ಕೇಳುವಂತೆ ಶುರುಮಾಡಿದ.

"ಅಮ್ಮೀ, ಅವತ್ತು ನಿಂಗೆ ಜ್ವರ ಇತ್ತು. ಒಲೆ ಹಚ್ಚೋದು ತಡ ಆಗಿ, ಚಿಟ್ಟೆ ಎಲ್ಲಾ ಗೂಡು ತೂತು ಮಾಡ್ಕಂಡು ಆಚೆ ಬಂದ್ಬುಟ್ವು, ನೂಲೆಲ್ಲಾ ಹಾಳಾಗೋಯ್ತು. ಆಳುಗಳ ಎದುರ್ಗೆ ನಿನ್ನ ಕಪಾಳಕ್ಕೆ ಹೊಡ್ದ್ಬುಟ್ಟೆ. ಅವತ್ತಿಂದ್ಲೇ ನೀನು ನನ್ ಕುಟೆ ಮಾತು ಬಿಟ್ಟೆ. ಎಲ್ಲರ ಎದುರ್ಗೆ ಹೊಡ್ದೋನು, ಈಗ ಎಲ್ಲರಿಗೂ ಕೇಳ್ಲಿ. ತಪ್ಪಾಯ್ತು. ವಾರ ವಾರವೂ ಹೇಳ್ಕಂಡಿವ್ನಿ. ದೇವರು ಕ್ಷಮಿಸವ್ನೆ ಅಂತಾರೆ ಸಾಮಿ. ನಂಗೆ ನಂಬ್ಕೆ ಬರಾಕಿಲ್ಲ. ನೀನು ಹೇಳು."

ಸಾಲಿನಲ್ಲಿ ನಿಂತು ನಾನು ನಗುತ್ತಿದ್ದ ಪಿಸುಮಾತು ಇದೇ!

ದೊಡ್ಡಮ್ಮ ರೂಢಿಯಂತೆ ಪಟದ ಕಡೆ ತಿರುಗಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ನಿಧಾನವಾಗಿ ಬಾಗಿಲ ಕಡೆ ತಿರುಗಿದಳು.

"ಏನ್ರೀ, ಮುದ್ದೆ ಆರೋಯ್ತೈತೆ. ಬನ್ನಿ, ಕೂತ್ಕಳಿ."

ಕಿವುಡನಿಗೆ ಕೇಳದಷ್ಟು ಮೆಲ್ಲಗೆ ಅಂದಿದ್ದಳು. ಅವನಿಗೆ ಕೇಳಿಸಿತು. ಬಂದು ಕೂತು, ತಟ್ಟೆಯ ಮುಂದೆ ಮಗುವಿನ ಹಾಗೆ ಅತ್ತ. ನನಗೂ ಸಾರು ಕಾಣದಷ್ಟು ಕಣ್ಣು ತುಂಬಿತು.

ಮುಂದಿನ ಶನಿವಾರ ಮತ್ತೆ ಅದೇ ಜಾಲರಿ, ಅದೇ ಗಂಟಲು. ಮತ್ತೆ ತಟ್ಟೆ ಇಡ್ಲಿ, ಮತ್ತೆ ಪಕ್ಕದ ಮನೆಯ ಹಾಲು. ಕೊನೆಗೆ ದನಿ ತಗ್ಗುವ ಜಾಗ ಬಂತು. ನಾವೆಲ್ಲ ಕತ್ತು ಚಾಚಿದೆವು. ಚರ್ಚಿನ ಬಾಗಿಲಿನವರೆಗೂ ಕೇಳಿಸಿತು:

"ಅಷ್ಟೇ ಸಾಮೀ. ಇನ್ನೇನೂ ಇಲ್ಲ."