ಐದು ತಿಂಗಳು ಎಂಟು ದಿನ

"ಮೂರು ದಿನ, ಒಂದು ಪರದೇಶದ ಊರು, ಐದು ಜನ. ಒಂದೇ ಒಂದು ತಪ್ಪು ಆಗೋ ಹಾಗಿಲ್ಲ. ನಾನಿದ್ದೀನಲ್ಲ!" ಎಂದು ಕ್ಯಾಪ್ಟನ್ ತಮ್ಮ ಔಷಧಿ ಅಂಗಡಿಯ ಗಲ್ಲಾದ ಹಿಂದಿನಿಂದ ಘೋಷಿಸಿದರು. ಕೇಳಿಸಿಕೊಂಡವರು ಮೂವರು. ಎದುರು ಕಟ್ಟಡದ ಹಲ್ಲಿನ ಡಾಕ್ಟರು, ಅವರ ಹೆಂಡತಿ, ಮತ್ತು ನಿವೃತ್ತಿಗೆ ಮುಂಚೆಯೇ ಸುಸ್ತಾಗಿದ್ದ ಲೆಕ್ಕದ ಮೇಷ್ಟ್ರು. ನಾಲ್ಕನೆಯವರು ಕ್ಯಾಪ್ಟನ್ ಅವರ ಹೆಂಡತಿ. ಆಕೆ ಕೇಳಿಸಿಕೊಳ್ಳಲಿಲ್ಲ. ಹತ್ತೊಂಬತ್ತು ವರ್ಷದಿಂದ ಕೇಳಿಸಿಕೊಂಡಿದ್ದು ಅವರಿಗೆ ಸಾಕಾಗಿತ್ತು.

ಸ್ನೇಹಿತರೆಲ್ಲ ಅವರನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಆ ಬಿರುದನ್ನು ಅವರಿಗೆ ಕೊಟ್ಟವರು ಸ್ವತಃ ಅವರೇ. ಸಿನಿಮಾಕ್ಕೆ ಹೋದರೆ ಯಾರು ಎಲ್ಲಿ ಕೂರಬೇಕು, ಮದುವೆಗೆ ಹೋದರೆ ಎಷ್ಟು ಗಂಟೆಗೆ ಕೈ ತೊಳೆಯಬೇಕು ಎಂದು ತೀರ್ಮಾನಿಸುವವರು ಯಾರಾದರೂ ಬೇಕಲ್ಲ. ಹಾಗಂತ ಕ್ಯಾಪ್ಟನ್‌ಗೆ ಪರದೇಶ ನೋಡುವ ಹಂಬಲವೇನೂ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಒಂದೇ ಒಂದು ಮಾತು. 'ಇವರಿಲ್ಲದಿದ್ದರೆ ನಮ್ಮ ಗತಿ ಏನಾಗ್ತಿತ್ತೋ' ಎಂದು ಹೆಂಡತಿ ನಾಲ್ಕು ಜನರ ಮುಂದೆ ಒಂದು ಸಲ ಹೇಳಬೇಕು. ಅಷ್ಟಕ್ಕಾಗಿ ಅವರು ಹದಿನಾಲ್ಕು ಪುಟಗಳ ವೇಳಾಪಟ್ಟಿ ಬರೆದು, ಪ್ರತಿ ಪುಟಕ್ಕೂ ಲ್ಯಾಮಿನೇಷನ್ ಮಾಡಿಸಿದರು.

ಪಟ್ಟಿಯಲ್ಲಿ ಹದಿನೇಳು ಸ್ಥಳಗಳಿದ್ದವು. ಹೆಂಡತಿಗೆ ಎರಡು ವರ್ಷದಿಂದ ಮೊಣಕಾಲು ನೋವು. ಸಂಜೆ ವಾಕಿಂಗ್ ಹೊರಟರೆ ಬೀದಿಯ ತಿರುವಿನಲ್ಲೇ ಕಾಲು ಹಿಡಿದುಕೊಂಡು ವಾಪಸಾಗುತ್ತಿದ್ದರು. ಅದಕ್ಕೆಂದೇ ಕ್ಯಾಪ್ಟನ್ ಆ ಊರಿನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿ, ಎಲ್ಲೆಲ್ಲಿ ಕಲ್ಲುಬೆಂಚು ಇದೆಯೋ ಅಲ್ಲಲ್ಲಿ ಕೆಂಪು ಚುಕ್ಕೆ ಇಟ್ಟಿದ್ದರು. ಒಟ್ಟು ಹನ್ನೊಂದು ಬೆಂಚು. ಇದು ಪ್ರೀತಿಯಲ್ಲದಿದ್ದರೆ ಇನ್ನಾವುದು ಪ್ರೀತಿ ಎಂದು ಅವರು ತಮ್ಮಷ್ಟಕ್ಕೆ ಕೇಳಿಕೊಂಡರು.

ಆಮೇಲೆ ಎಲ್ಲರ ಪಾಸ್‌ಪೋರ್ಟ್ ತರಿಸಿ ತಪಾಸಣೆ ನಡೆಸಿದರು. ತಾರೀಖಿನ ವಿಷಯದಲ್ಲಿ ಅವರ ಕಣ್ಣು ತಪ್ಪಿಸಿದವರಿಲ್ಲ. ಮಾತ್ರೆ ಸ್ಟ್ರಿಪ್ಪಿನ ಮೇಲಿನ ಎಕ್ಸ್‌ಪೈರಿ ಅವರಿಗೆ ವೇದವಾಕ್ಯ. ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಆ ಸ್ಟ್ರಿಪ್ಪು ಶೆಲ್ಫಿನಿಂದ ಇಳಿದು 'ವಾಪಸು' ಎಂದು ಬರೆದ ರಟ್ಟಿನ ಪೆಟ್ಟಿಗೆಗೆ ಬೀಳುತ್ತಿತ್ತು. "ಇನ್ನೂ ಐದು ತಿಂಗಳು ಇದೆಯಲ್ಲ ಸಾರ್, ಏನೂ ಆಗಲ್ಲ," ಎಂದು ಕಂಪನಿಯವನು ಅಂಗಲಾಚಿದರೆ, "ಇರೋದು ಬೇರೆ, ನಂಬೋದು ಬೇರೆ," ಎಂದು ಪೆಟ್ಟಿಗೆಯನ್ನು ಅವನ ಕಡೆ ತಳ್ಳುತ್ತಿದ್ದರು. ಈಗ ಅದೇ ಗತ್ತಿನಲ್ಲಿ ಡಾಕ್ಟರದ್ದು ಮೂರು ವರ್ಷ, ಮೇಷ್ಟ್ರದ್ದು ನಾಲ್ಕು ವರ್ಷ ಎಂದು ಗುರುತು ಹಾಕಿಕೊಂಡು, ಹೆಂಡತಿಯದರ ಹತ್ತಿರ ಬಂದು ಹುಬ್ಬೇರಿಸಿದರು.

"ನಿಂದು ನೋಡು, ಬರೀ ಒಂದು ವರ್ಷ ಎರಡು ತಿಂಗಳು. ಇಷ್ಟು ಅಜಾಗರೂಕತೆ ಒಳ್ಳೇದಲ್ಲ."

"ನಿಮ್ಮದು?" ಎಂದರು ಹೆಂಡತಿ.

"ನಂದು ನನಗೆ ಬಾಯಿಪಾಠ."

ಟಿಕೆಟ್ ಮಾಡಿಸುವಾಗ ತಮ್ಮ ತಾರೀಖನ್ನು ಬಾಯಿಪಾಠದಿಂದಲೇ ತುಂಬಿದರು. ಬೀರುವಿನ ಲಾಕರಿನಲ್ಲಿ ಚರ್ಮದ ಕವಚ ತೊಟ್ಟು ಮಲಗಿದ್ದ ಪಾಸ್‌ಪೋರ್ಟನ್ನು ಎಬ್ಬಿಸಿ ನೋಡುವ ಅಗತ್ಯ ಅವರಿಗೆ ಕಾಣಲಿಲ್ಲ. ನೆನಪು ಉದಾರವಾಗಿ ಒಂದು ವರ್ಷ ಹೆಚ್ಚಿಗೆ ಕೊಟ್ಟಿತ್ತು.

ಶುಕ್ರವಾರ ಮಧ್ಯಾಹ್ನ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಾಲ್ಕು ಜನರ ಸೂಟ್‌ಕೇಸುಗಳು ಬೆಲ್ಟಿನ ಮೇಲೆ ಸಾಗಿ ಒಳಗೆ ಹೋದವು. ಐದನೆಯದು ನಿಂತಿತು. ಕೌಂಟರಿನ ಹುಡುಗಿ ಕ್ಯಾಪ್ಟನ್ ಪಾಸ್‌ಪೋರ್ಟನ್ನು ಎರಡು ಸಲ ನೋಡಿದಳು.

"ಸಾರ್, ಇದರಲ್ಲಿ ಐದು ತಿಂಗಳು ಎಂಟು ದಿನ ಉಳಿದಿದೆ."

"ಉಳಿದಿದೆ ತಾನೆ? ಮುಗಿದಿಲ್ಲ ತಾನೆ?"

"ನೀವು ಹೋಗೋ ದೇಶಕ್ಕೆ ಆರು ತಿಂಗಳಾದ್ರೂ ಇರ್ಬೇಕು ಸಾರ್."

"ನಾನು ಅಲ್ಲಿರೋದು ಮೂರು ದಿನ ಕಣಮ್ಮ. ಐದು ತಿಂಗಳು ಇದೆಯಲ್ಲ, ಏನೂ ಆಗಲ್ಲ."

ಹೇಳಿದ ಮೇಲೆ ಆ ಮಾತನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ಅದಕ್ಕೆ ಏನು ಉತ್ತರ ಬರುತ್ತದೆ ಎನ್ನುವುದೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಆ ಉತ್ತರವನ್ನು ಕೊಟ್ಟವರೇ ಅವರು. ಕೈ ಚಾಚಿ ಪಾಸ್‌ಪೋರ್ಟನ್ನು ವಾಪಸ್ ತೆಗೆದುಕೊಂಡರು.

"ಇಪ್ಪತ್ತೆರಡು ದಿನ ಕಮ್ಮಿ ಬಿತ್ತು," ಎಂದು ಹಿಂದಿನಿಂದ ಮೇಷ್ಟ್ರು ಲೆಕ್ಕ ಒಪ್ಪಿಸಿದರು.

ಕ್ಯಾಪ್ಟನ್ ಒಂದು ಕ್ಷಣ ಕಣ್ಣು ಮುಚ್ಚಿ ತಮ್ಮ ಮುಂದಿನ ನಡೆಯನ್ನು ಯೋಚಿಸಿದರು. ತ್ಯಾಗದ ದನಿಯಲ್ಲಿ 'ನೀವೆಲ್ಲ ಹೋಗಿ' ಅನ್ನುವುದು. ಆಗ ಡಾಕ್ಟರು 'ನೀನಿಲ್ಲದೆ ಎಂಥ ಪ್ರವಾಸ' ಅನ್ನುತ್ತಾರೆ. ಹೆಂಡತಿ ಕಣ್ಣೊರೆಸಿಕೊಂಡು ಸೂಟ್‌ಕೇಸ್ ವಾಪಸ್ ಕೊಡಿ ಅನ್ನುತ್ತಾಳೆ. ಐದೂ ಜನ ಒಟ್ಟಿಗೆ ಮನೆಗೆ ಹಿಂತಿರುಗುತ್ತಾರೆ. ಪ್ರವಾಸ ತಪ್ಪಿದರೂ ಮಾನ ಉಳಿಯುತ್ತದೆ.

"ನೀವೆಲ್ಲ ಹೋಗಿ," ಎಂದರು.

"ಯಾವ ಗೇಟು?" ಎಂದರು ಡಾಕ್ಟರು.

"ಹದಿನಾಲ್ಕು," ಎಂದು ಕ್ಯಾಪ್ಟನ್ ಅಭ್ಯಾಸಬಲದಿಂದ ಹೇಳಿಬಿಟ್ಟರು.

ಹೆಂಡತಿ ಹತ್ತಿರ ಬಂದರು. "ನಾನೂ ಉಳೀಲಾ?"

"ಬೇಡ ಬೇಡ, ನೀನಾದ್ರೂ ಹೋಗು."

"ಸರಿ ಹಾಗಾದ್ರೆ."

ಆ ಎರಡು ಮಾತುಗಳ ನಡುವೆ ಒಂದು ಉಸಿರಿನ ಜಾಗವೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಗಂಡನ ಮಾತನ್ನು ಆಕೆ ಮರುಮಾತಿಲ್ಲದೆ ಪಾಲಿಸಿದ್ದು ಅದೇ ಮೊದಲು. ಹೊರಡುವಾಗ ಮನೆಯ ಇನ್ನೊಂದು ಕೀಲಿಕೈ ಕೊಟ್ಟು, "ಫ್ರಿಜ್ಜಿನಲ್ಲಿ ಮನೇಲಿರೋ ನಮ್ಮಮ್ಮನಿಗಾಗೋಷ್ಟು ಮಾತ್ರ ಮಾಡಿಟ್ಟಿದ್ದೀನಿ. ನಿಮಗೆ ಏನಾದ್ರೂ ನೋಡ್ಕೊಳ್ಳಿ," ಎಂದರು. ನಾಲ್ವರೂ ತಪಾಸಣೆಯ ಬಾಗಿಲು ದಾಟಿ ಹೋದರು. ಕ್ಯಾಪ್ಟನ್ ವೇಳಾಪಟ್ಟಿ ಹಿಡಿದುಕೊಂಡು ಈಚೆಯೇ ನಿಂತರು.

ಮೂರು ದಿನ ಮನೆ ನೋಡಿಕೊಳ್ಳಲೆಂದು ಅತ್ತೆ ಬಂದಿದ್ದರು. ಬಾಗಿಲು ತೆರೆದವರು ಅಳಿಯನನ್ನೂ ಸೂಟ್‌ಕೇಸನ್ನೂ ನೋಡಿದರು.

"ಇಷ್ಟು ಬೇಗ ನೋಡಿ ಮುಗೀತಾ, ಅಳಿಯಂದ್ರೇ?"

"ಬಿಡಲಿಲ್ಲ ಅತ್ತೆ. ಪಾಸ್‌ಪೋರ್ಟಲ್ಲಿ ದಿನ ಕಮ್ಮಿ ಇತ್ತು."

"ಮತ್ತೆ ನನ್ನ ಮಗಳು?"

"ಹೋದ್ಲು."

"ಸದ್ಯ," ಎಂದರು ಅತ್ತೆ.

ಶನಿವಾರ ಬೆಳಿಗ್ಗೆ ಕ್ಯಾಪ್ಟನ್ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಊಟದ ಮೇಜಿನ ಮೇಲೆ ಹದಿನಾಲ್ಕು ಪುಟ ಹರಡಿ ಕುಳಿತರು. ಕ್ಯಾಪ್ಟನ್ ಹಡಗಿನಲ್ಲಿಲ್ಲದಿದ್ದರೆ ಏನಾಯಿತು, ಫೋನಿದೆಯಲ್ಲ. 'ಎದ್ರಾ?' ಎಂದು ಗುಂಪಿಗೆ ಸಂದೇಶ ಕಳಿಸಿದರು. 'ಮ್ಯೂಸಿಯಂ ಒಂಬತ್ತಕ್ಕೆ ತೆಗೀತಾರೆ, ಎಂಟು ನಲವತ್ತಕ್ಕೆ ಸಾಲಿನಲ್ಲಿರಬೇಕು.' 'ಎಡಗಡೆ ಸಾಲು ಬೇಗ ಸಾಗುತ್ತೆ.' 'ಸಾಲಿನ ಪಕ್ಕದಲ್ಲೇ ಒಂದನೇ ಬೆಂಚು.' ಒಂಬತ್ತೂವರೆಗೆ ಡಾಕ್ಟರಿಂದ ಒಂದು ಹೆಬ್ಬೆರಳು ಬಂತು. ಮಿಕ್ಕವರಿಂದ ಅದೂ ಬರಲಿಲ್ಲ.

ಹನ್ನೊಂದಕ್ಕೆ ತಡೆಯಲಾಗದೆ ಕರೆ ಮಾಡಿದರು. ಡಾಕ್ಟರು ಪಿಸುದನಿಯಲ್ಲಿ, "ಮ್ಯೂಸಿಯಂ ಒಳಗಿದ್ದೀವಿ ಕಣೋ, ಇಲ್ಲಿ ಜೋರಾಗಿ ಮಾತಾಡೋ ಹಾಗಿಲ್ಲ," ಎಂದರು. ಹಿಂದೆ ಟ್ರಿಣ್ ಟ್ರಿಣ್ ಎಂದು ಶಬ್ದ ಕೇಳಿಸಿತು.

"ಅದೇನು, ಸೈಕಲ್ ಬೆಲ್ಲಾ?"

"ಹೌದು, ಹಳೇ ಕಾಲದ್ದು. ಪ್ರದರ್ಶನಕ್ಕಿಟ್ಟಿದ್ದಾರೆ."

ಫೋನ್ ಕಟ್ಟಾಯಿತು. ಹಳೇ ಕಾಲದ ಬೆಲ್ಲನ್ನು ಯಾರು ಬಾರಿಸುತ್ತಿದ್ದರು ಎಂದು ಕ್ಯಾಪ್ಟನ್ ಯೋಚಿಸುತ್ತಿರುವಾಗಲೇ ಅತ್ತೆಯವರ ಫೋನು ಟಿಂಗ್ ಅಂದಿತು. ಮತ್ತೆ ಟಿಂಗ್. ಆಮೇಲೆ ಒಂದರ ಹಿಂದೆ ಒಂದು, ನಿಲ್ಲಲೇ ಇಲ್ಲ. ನಲವತ್ತಮೂರು ಫೋಟೋಗಳು. ಗಂಡನಿಗೆ ಅಲ್ಲಿಯವರೆಗೆ ಬಂದಿದ್ದು 'ತಲುಪಿದ್ವಿ' ಎಂಬ ಒಂದು ಪದ.

ಅತ್ತೆ ಕನ್ನಡಕ ಏರಿಸಿ, "ನೋಡಿ, ನನ್ನ ಮಗಳು," ಎಂದು ಫೋನನ್ನು ಅವರ ಕಡೆ ತಿರುಗಿಸಿದರು.

ಹೊಳೆಯ ದಂಡೆ. ಬಾಡಿಗೆ ಸೈಕಲ್. ಅದರ ಮೇಲೆ ಕ್ಯಾಪ್ಟನ್ ಅವರ ಧರ್ಮಪತ್ನಿ, ಎರಡೂ ಕಾಲನ್ನು ಪೆಡಲಿನಿಂದ ಎತ್ತಿ ಚಾಚಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದಾರೆ. ಬಾಯಿ ತುಂಬ ನಗು. ಕೊನೆಯ ದವಡೆ ಹಲ್ಲಿಗೆ ತುಂಬಿಸಿದ ಸಿಮೆಂಟು ಕೂಡ ಕಾಣುತ್ತಿತ್ತು. ಆ ಸಿಮೆಂಟಿಗೆ ನಾಲ್ಕು ವರ್ಷ. ಕ್ಯಾಪ್ಟನ್ ಅದನ್ನು ನೋಡಿದ್ದು ಇದೇ ಮೊದಲು.

"ಇವಳ ಮೊಣಕಾಲು?" ಎಂದರು.

"ಏನಾಗಿದೆ ಮೊಣಕಾಲಿಗೆ?"

"ನೋವು. ಎರಡು ವರ್ಷದಿಂದ."

ಅತ್ತೆ ಸ್ವಲ್ಪ ಯೋಚಿಸಿದರು. "ಓ, ಅದಾ. ಅದು ನಿಮ್ಮ ಜೊತೆ ವಾಕಿಂಗ್ ಹೊರಟಾಗ ಬರೋದು. ದಾರಿಯುದ್ದಕ್ಕೂ ಹೇಗೆ ನಡೀಬೇಕು ಅಂತ ಹೇಳಿಕೊಡ್ತೀರಂತಲ್ಲ."

"ಎರಡು ವರ್ಷದಿಂದ ಮುಲಾಮು ಕೊಡ್ತಿದ್ದೀನಲ್ಲ ಅತ್ತೆ! ಅಂಗಡೀಲಿರೋದರಲ್ಲೇ ಒಳ್ಳೇದು!"

"ನನಗೆ ಕಳಿಸ್ತಾಳೆ. ಬಹಳ ಚೆನ್ನಾಗಿದೆ. ಈಗ ಮೆಟ್ಟಿಲು ಹತ್ತೋಕೆ ಏನೂ ತೊಂದರೆ ಇಲ್ಲ ನೋಡಿ."

ಕ್ಯಾಪ್ಟನ್ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದರು. ಹೆಂಡತಿ ಸುಳ್ಳು ಹೇಳಿದಳೆಂದು ಸಿಟ್ಟು ಮಾಡಿಕೊಳ್ಳಲು ನೋಡಿದರು. ಸಿಟ್ಟು ಬರಲಿಲ್ಲ. ತನ್ನ ಜೊತೆ ನಡೆಯುವುದನ್ನು ತಪ್ಪಿಸಿಕೊಳ್ಳಲು ಒಬ್ಬ ಆರೋಗ್ಯವಂತ ಹೆಂಗಸು ಎರಡು ವರ್ಷ ಕುಂಟಿದ್ದಾಳಲ್ಲ ಎಂದು ಲೆಕ್ಕ ಹಾಕಿ, ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಹನ್ನೊಂದು ಬೆಂಚು ಹುಡುಕಿದ ಮೂರು ಸಂಜೆಗಳು ನೆನಪಾಗಿ ಇನ್ನಷ್ಟು ಸಂಕಟವಾಯಿತು.

ಭಾನುವಾರ ಅವರು ಮೌನ ಮುಷ್ಕರ ಹೂಡಿದರು. ಒಂದೂ ಸಂದೇಶ ಕಳಿಸಲಿಲ್ಲ. ಏನಾಯಿತೆಂದು ಪ್ರವಾಸಕ್ಕೆ ಹೋದವರೇ ಗಾಬರಿಯಿಂದ ಕೇಳಲಿ ಎಂದು ಮಧ್ಯಾಹ್ನದವರೆಗೆ ಕಾದರು. ಮುಷ್ಕರ ನಡೆದಿರುವುದು ಯಾರ ಗಮನಕ್ಕೂ ಬರಲಿಲ್ಲ. ವೇಳಾಪಟ್ಟಿಯನ್ನು ಹರಿದು ಹಾಕೋಣವೆಂದರೆ ಲ್ಯಾಮಿನೇಷನ್ ಆಗಿದ್ದರಿಂದ ಹರಿಯಲೂ ಇಲ್ಲ. ಎರಡು ಪುಟಗಳನ್ನು ಅತ್ತೆ ಬಿಸಿ ಪಾತ್ರೆ ಇಡಲು ತೆಗೆದುಕೊಂಡಿದ್ದರು.

ಮೂರು ಗಂಟೆಯ ಹೊತ್ತಿಗೆ ಕ್ಯಾಪ್ಟನ್ ಒಂದು ದೊಡ್ಡ ನಿರ್ಧಾರಕ್ಕೆ ಬಂದರು. ಬದಲಾಗಬೇಕು. ಇನ್ನು ಪಟ್ಟಿಯಿಲ್ಲ, ಬೆಂಚಿಲ್ಲ, ಎಡಗಡೆ ಸಾಲಿಲ್ಲ. ಮುಂದಿನ ಸಲ ಹೆಂಡತಿಯ ಪಕ್ಕದಲ್ಲಿ ತಾವೂ ಒಂದು ಸೈಕಲ್ ಹಿಡಿದು, ತುಟಿ ಬಿಚ್ಚದೆ, ಅವಳು ನಗುವುದನ್ನು ಹತ್ತಿರದಿಂದ ನೋಡಬೇಕು. ಅಷ್ಟು ಸಾಕು ಅನ್ನಿಸಿತು. ಕಂಪ್ಯೂಟರ್ ತೆರೆದು, ಈ ಸಲ ಪಾಸ್‌ಪೋರ್ಟನ್ನು ಕಣ್ಣೆದುರಿಗಿಟ್ಟುಕೊಂಡೇ ಹೊಸದಕ್ಕೆ ಅರ್ಜಿ ತುಂಬಿದರು. ಗುರುವಾರ ಬನ್ನಿ ಎಂದು ಉತ್ತರ ಬಂತು. ಅಂದು ರಾತ್ರಿಯ ಊಟ ಅವರಿಗೆ ರುಚಿಸಿತು.

ಸೋಮವಾರ ಬೆಳಿಗ್ಗೆ ಕಾರು ತೆಗೆದುಕೊಂಡು ವಿಮಾನ ನಿಲ್ದಾಣಕ್ಕೆ ಹೋದರು. ನಾಲ್ವರೂ ಒಬ್ಬರ ಮೇಲೊಬ್ಬರು ಬೀಳುವ ಹಾಗೆ ನಗುತ್ತ ಹೊರಬಂದರು. ಕ್ಯಾಪ್ಟನ್ ಕಂಡ ಕೂಡಲೇ ತರಗತಿಗೆ ಮೇಷ್ಟ್ರು ಬಂದಂತೆ ನೆಟ್ಟಗಾದರು. ಮೇಷ್ಟ್ರೂ ನೆಟ್ಟಗಾದರು.

ಎಷ್ಟು ಸ್ಥಳ ನೋಡಿದಿರಿ ಎಂದು ಕೇಳಲೇಬಾರದೆಂದು ಕ್ಯಾಪ್ಟನ್ ಶಪಥ ಮಾಡಿದ್ದರು. ಕಾರು ಪಾರ್ಕಿಂಗ್ ದಾಟುವವರೆಗೆ ಶಪಥ ಉಳಿಯಿತು.

"ಹದಿನೇಳರಲ್ಲಿ ಎಷ್ಟಾಯ್ತು?"

"ಒಂದು," ಎಂದರು ಮೇಷ್ಟ್ರು. ಲೆಕ್ಕದಲ್ಲಿ ಅವರು ಸುಳ್ಳು ಹೇಳುವವರಲ್ಲ. "ಅದೂ ಮಳೆ ಬಂತು ಅಂತ ಒಳಗೆ ಹೋಗಿದ್ದು."

ಡಾಕ್ಟರು ಅವಸರವಾಗಿ ಮಧ್ಯೆ ಬಾಯಿ ಹಾಕಿದರು. "ಆದರೆ ನಿನ್ನ ಪ್ಲಾನ್ ಇತ್ತಲ್ಲ, ಫಸ್ಟ್ ಕ್ಲಾಸು. ಹೋಟೆಲು, ಟ್ಯಾಕ್ಸಿ, ಒಂದಕ್ಕೂ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಮುಂದಿನ ಸಲಾನೂ ನೀನೇ ಮಾಡಿಕೊಡ್ಬೇಕು."

"ಮುಂದಿನ ಸಲ?"

"ಇನ್ನು ಮೂರು ತಿಂಗಳಿಗೆ ಇನ್ನೊಂದು ಊರು ಅಂತ ವಿಮಾನದಲ್ಲೇ ತೀರ್ಮಾನ ಮಾಡಿದ್ವಿ ಅಣ್ಣ," ಎಂದರು ಡಾಕ್ಟರ ಹೆಂಡತಿ.

ಕ್ಯಾಪ್ಟನ್ ಅವರ ಎದೆ ಉಬ್ಬಿತು. ಕನ್ನಡಿಯಲ್ಲಿ ಹಿಂದಿನ ಸೀಟಿನ ಮೂವರನ್ನೂ ನೋಡಿ, ಆಮೇಲೆ ಪಕ್ಕದಲ್ಲಿದ್ದ ಹೆಂಡತಿಯತ್ತ ತಿರುಗಿ ಹೇಳಿದರು. "ನೀವ್ಯಾರೂ ಚಿಂತೆ ಮಾಡ್ಬೇಡಿ. ಪಾಸ್‌ಪೋರ್ಟಿಗೆ ನಿನ್ನೇನೇ ಅರ್ಜಿ ಹಾಕಿದ್ದೀನಿ. ಗುರುವಾರ ಹೋಗಿ ಬಂದ್ರೆ ಹತ್ತು ದಿನದಲ್ಲಿ ಕೈಗೆ ಬರುತ್ತೆ."

ಡಾಕ್ಟರು ಕಿಟಕಿಯಿಂದ ಆಚೆ ನೋಡತೊಡಗಿದರು. ಮೇಷ್ಟ್ರು ಕೆಮ್ಮಿದರು. ಹೆಂಡತಿ ಗಂಡನ ತೋಳಿನ ಮೇಲೆ ಕೈಯಿಟ್ಟರು. ಆಕೆಯ ದನಿಯಲ್ಲಿ ಕುಹಕವಿರಲಿಲ್ಲ, ಕೋಪವಿರಲಿಲ್ಲ. ಎಷ್ಟೋ ವರ್ಷದಿಂದ ಕೇಳಿರದಷ್ಟು ಮೃದುವಾಗಿತ್ತು.

"ಅಷ್ಟು ಅವಸರ ಏನಿತ್ತು ರೀ?"