ದೀಪಸ್ತಂಭಕ್ಕೆ ಒಂದು ಸ್ಟೇಷನ್ ಮೊದಲು

ಲೋಕಲ್‌ ರೈಲಿನಲ್ಲಿ ಇಪ್ಪತ್ತು ವರ್ಷ ಓಡಾಡಿದ ನನಗೆ ಇಳಿಯುವ ವಿದ್ಯೆಯನ್ನು ಯಾರೂ ಕಲಿಸಬೇಕಿಲ್ಲ. ಎರಡು ಸ್ಟೇಷನ್ ಮೊದಲೇ ಎದ್ದು ಬಾಗಿಲು ಹಿಡಿಯದಿದ್ದರೆ ಜನರ ಒತ್ತಡ ನಮ್ಮ ಡೊಂಬಿವಲಿ ದಾಟಿಸಿ, ಮುಂದಿನ ಠಾಕುರ್ಲಿಯನ್ನೂ ದಾಟಿಸಿ, ಸೀದಾ ಕಲ್ಯಾಣಕ್ಕೇ ಒಯ್ಯುತ್ತದೆ. ಈ ವಿದ್ಯೆಯ ಬಲದ ಮೇಲೆಯೇ ನಮ್ಮಲ್ಲಿಗೆ ಬಂದಿದ್ದ ಅತ್ತೆಯವರಿಗೆ ಕಡಲ ದಂಡೆಯ ಕೊರ್ಲಯಿ ಕೋಟೆ ತೋರಿಸುವ ಹೊಣೆ ಹೊತ್ತೆ.

ಅತ್ತೆ ಧಾರವಾಡದಲ್ಲಿ ಶಾಲೆಯ ಅಕ್ಕೋರು. ಮೂವತ್ತು ವರ್ಷ ಕರಿಹಲಗೆಯ ಮೇಲೆ ದೀಪಸ್ತಂಭ ಬರೆದು ಪಾಠ ಹೇಳಿದವರು; ಒಂದನ್ನೂ ಕಣ್ಣಾರೆ ಕಂಡವರಲ್ಲ. ಪೋರ್ಚುಗೀಸರ ಆ ಕೋಟೆಯ ಬುಡದಲ್ಲಿ ದೀಪಸ್ತಂಭವಿದೆ, ಒಳಗೆ ಮೆಟ್ಟಿಲು ಹತ್ತಿ ದೀಪ ನೋಡಬಹುದು ಎಂದದ್ದೇ ತಡ, ಹೊಸ ಇಳಕಲ್ ಸೀರೆ ತೆಗೆದರು. ಮರುದಿನ ಬೆಳಿಗ್ಗೆ ಕಲ್ಯಾಣದಿಂದ ಊರಿಗೆ ಅವರ ರೈಲು. ಇದೊಂದೇ ದಿನ.

ಅತ್ತೆ, ಹೆಂಡತಿ ಸುಧಾ, ನಾನು ಅಲಿಬಾಗಿನಲ್ಲಿ ಬಸ್ ಬದಲಿಸಿದೆವು. ಸ್ವಲ್ಪ ದೂರ ಹೋಗುತ್ತಲೇ ಉಪ್ಪುಗಾಳಿ ಮೂಗಿಗೆ ಬಡಿಯಿತು. ತಕ್ಷಣ ಇಬ್ಬರನ್ನೂ ಎಬ್ಬಿಸಿ ಬಾಗಿಲಿಗೆ ತಂದು ನಿಲ್ಲಿಸಿದೆ. ಬಸ್ ನಿಂತಿತು. ನಾನೇ ಬಾಗಿಲು ತೆರೆದೆ. ಸುಧಾ, "ಊರ ಕಾಣಸವಲ್ದಲ್ರೀ" ಎನ್ನುವಷ್ಟರಲ್ಲಿ ಮೂವರೂ ರಸ್ತೆಯಲ್ಲಿದ್ದೆವು. ಬಸ್ ನಿಂತದ್ದು ಅಡ್ಡ ಬಂದ ಎಮ್ಮೆಗಾಗಿ! ಎಮ್ಮೆ ದಾಟಿತು. ಬಸ್ಸೂ ಹೋಯಿತು. ಕೊರ್ಲಯಿ ಇನ್ನೂ ಎಂಟು ಕಿಲೋಮೀಟರ್ ಎಂದ ಎಳನೀರಿನವ.

ಒಂದೂವರೆ ತಾಸು ಬಿಸಿಲುಂಡ ಮೇಲೆ ಶೇರ್ ರಿಕ್ಷಾ ಸಿಕ್ಕಿತು. ಪಾಠ ಕಲಿತಿದ್ದ ನಾನು, ಈ ಸಲ ನನ್ನ ಅಪ್ಪಣೆಯಿಲ್ಲದೆ ಯಾರೂ ಕದಲತಕ್ಕದ್ದಲ್ಲ ಎಂದು ಕಟ್ಟಾಜ್ಞೆ ಹೊರಡಿಸಿದೆ. ಯಾರೂ ಕದಲಲಿಲ್ಲ. ಎಲ್ಲಿಗೆಂದು ಡ್ರೈವರನಿಗೆ ಹೇಳುವುದು ನನ್ನ ಅನುಭವಕ್ಕೆ ಅವಮಾನವಾಗಿ ಕಂಡಿತ್ತು. ಅವನು ಕೊರ್ಲಯಿಯಲ್ಲಿ ಉಳಿದವರನ್ನೆಲ್ಲ ಇಳಿಸಿ, ನಮ್ಮನ್ನು ಮುಂದಿನ ಊರಿಗೆ ಒಯ್ದ!

ನಡೆದು ವಾಪಸು ಮುಟ್ಟಿದಾಗ ಸಂಜೆ; ಕಾವಲುಗಾರ ದೀಪಸ್ತಂಭದ ಗೇಟಿಗೆ ಬೀಗ ಜಡಿದು ಕೀಲಿ ಜೇಬಿಗಿಳಿಸುತ್ತಿದ್ದ. ನನ್ನಲ್ಲಿದ್ದ ಮರಾಠಿಯೆಲ್ಲ ಖರ್ಚಾಯಿತು. ಆತ ಕನಿಕರದಿಂದಲೇ ನಾಳೆ ಬನ್ನಿ ಎಂದ. ನಾಳೆಯೊಂದೇ ನಮ್ಮ ಬಳಿ ಇರಲಿಲ್ಲ. ಕೋಟೆ ಹತ್ತಲು ಅತ್ತೆಯ ಕಾಲಲ್ಲಿ ಬಲ ಉಳಿದಿರಲಿಲ್ಲ. ಪೋರ್ಚುಗೀಸರ ತೋಪಿನ ಬಾಯಿಗೆ ನನ್ನನ್ನು ಕಟ್ಟಿಕೊಳ್ಳೋಣವೆನಿಸಿತು. ತೋಪೂ ಮೇಲೆ ಕೋಟೆಯಲ್ಲೇ ಇತ್ತು.

ಅತ್ತೆ ಗೇಟಿನ ಸರಳು ಹಿಡಿದು, ತಲೆಯೆತ್ತಿ ಬಹಳ ಹೊತ್ತು ನೋಡಿದರು.

"ಹೊರಗಿಂದ ನಾ ಹಲಗಿ ಮ್ಯಾಲ ಬರೀತಿದ್ದಂಗನ ಅದ. ಒಳಗ ಏನಿರತದ ಅಕ್ಕೋರ ಅಂತ ಹುಡುಗ್ರು ಕೇಳ್ತಿದ್ರು. ಅದೊಂದು ತಿಳೀಲಿಲ್ಲ ನೋಡ್ರಿ."

ಮನೆ ಹತ್ತಿರ ಬಂದಾಗ, ಪಾಪ ಕಳೆಯಲೆಂದು, ನಾಳೆ ಕಲ್ಯಾಣದವರೆಗೆ ನಾನೇ ಬಂದು ರೈಲು ಹತ್ತಿಸುತ್ತೇನೆ ಎಂದೆ.

"ಬ್ಯಾಡ್ರಿ, ಸುಧಾ ಬರ್ತಾಳ," ಎಂದರು ಅತ್ತೆ ಮೆತ್ತಗೆ. "ನೀವು ಬಂದ್ರ ನನ್ನ ಠಾಕುರ್ಲಿಯೊಳಗ ಇಳಿಸಿಬಿಡ್ತೀರಿ."