ತೊಳೆದಿಟ್ಟ ಶೀಶೆಗಳು

ಇದನ್ನು ಹೇಳುವುದನ್ನು ಬಹಳ ಕಾಲ ಮುಂದೂಡಿದೆ. ಇವತ್ತು ಹಲ್ಲುನೋವು, ನಾಳೆ ಕಬ್ಬು ಕಟಾವು. ನೆಪಕ್ಕೆ ನಮ್ಮ ಕೆ.ಆರ್. ಪೇಟೆ ಕಡೆ ಬರವೇ?

ನನ್ನ ತಂಗಿಯ ಮಗಳಂಥ ವಿಚಿತ್ರದ ಹುಡುಗಿಯನ್ನು ನೀವು ನೋಡಿರಲಾರಿರಿ. ಆಗ ಮೈಸೂರಿನ ಲ್ಯಾಬೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ಊರಿಗೆ ಬಂದರೂ ಕೈಗವಸು ತೊಟ್ಟೇ ತೆಂಗಿನ ಗರಿ ಮುಟ್ಟುವಳು.

"ಮರಕ್ಕೆ ಮೈಲಿಗೆ ಆಯ್ತದೇನವ್ವ?" ಎಂದೆ.

"ಇಲ್ಲ ಮಾವ, ನಿಮ್ಮ ಡಿಎನ್ಎ ಸೇರ್ಕಂಡ್ರೆ ಮರ ಬೀಡಿ ಕೇಳ್ತದೆ" ಎಂದಳು.

ನಮ್ಮ ಹಿತ್ತಲಿನ ಆ ಒಂದು ಮರಕ್ಕೆ, ಸುತ್ತಲ ತೋಟಕ್ಕೆಲ್ಲ ನುಸಿ ಬಿದ್ದರೂ, ಏನೂ ಆಗುತ್ತಿರಲಿಲ್ಲ. ಅದರ ಸಸಿಗಳಿಗೆ ಮಾತ್ರ ಆ ಪುಣ್ಯವಿರಲಿಲ್ಲ. ಇವಳು ಆ ಗುಟ್ಟಿನ ಬೆನ್ನು ಹತ್ತಿದ್ದಳು. ಗೊತ್ತಿದ್ದದ್ದು ಡಿಎನ್ಎಯ ಒಂದು ಚೂರು. ಅದರ ಆಚೀಚೆ ಏನಿದೆಯೋ ತಿಳಿಯದು. ತಿಳಿಯದ್ದನ್ನು ನಕಲು ಮಾಡುವುದು ಹೇಗೆ?

"ಕತ್ತರಿಸಿ, ಎರಡು ತುದಿ ಸೇರ್ಸಿ ಬಳೆ ಮಾಡ್ತೀನಿ ಮಾವ. ಗೊತ್ತಿರೋ ಚೂರಿಂದ ಎಡಕ್ಕೊಬ್ಬ, ಬಲಕ್ಕೊಬ್ಬ ನಕಲುಗಾರ ಹೊರಟ್ರೆ ಗೊತ್ತಿಲ್ದಿರೋದ್ನೆಲ್ಲ ನಕಲು ಮಾಡ್ಕಂಡೇ ಬತ್ತಾರೆ. ಕೆರೆ ಸುತ್ತದಂಗೆ."

"ನಮ್ಮೂರ ಕೆರೆ ಸುತ್ತುದ್ರೆ ಮುಳ್ಳೇ ಸಿಗಾದು ಕಣವ್ವ."

ಕೊಟ್ಟಿಗೆ ಕಟ್ಟಲು ಮರ ಅಡ್ಡವಾಯಿತು. ಗರಿಯಿಂದ ತೆಗೆದಿಟ್ಟ ಡಿಎನ್ಎ ಸಾಕು, ಕಡೀರಿ ಎಂದಳು. ಕಡಿಸಿದೆ.

ಯುಗಾದಿ ಹೊತ್ತಿಗೆ ಲ್ಯಾಬಿನ ಫ್ರೀಜರ್ ಕೆಟ್ಟಿತು. ಬಳೆ ಮಾಡಿದ ಡಿಎನ್ಎಯನ್ನೆಲ್ಲ ಐಸ್ ಡಬ್ಬದಲ್ಲಿ ತಂದು ನಮ್ಮ ಫ್ರಿಜ್ಜಿನಲ್ಲಿಟ್ಟು, "ಮುಟ್ಬೇಡಿ ಮಾವ" ಎಂದಳು. ಮಾರನೆಯ ದಿನ ಹೊಸತೊಡಕು, ಊರಿಗೆಲ್ಲ ಮಾಂಸದೂಟ. ಗುಡ್ಡೆ ಬಾಡು ಹಂಚಿಸಿಕೊಂಡು ತಂದವನಿಗೆ ಅದನ್ನಿಡಲು ಜಾಗ ಬೇಡವೇ? ಡಬ್ಬ ಹೊರಗೆ ತೆಗೆದೆ. ಬೆರಳ ತುದಿಯಷ್ಟು ಶೀಶೆಗಳು, ತಳದಲ್ಲಿ ಒಂದೊಂದು ತೊಟ್ಟು ನೀರು. ಐಸು ಕರಗಿ ಸೇರಿದೆ, ಪಾಪ, ಮಗು ನೋಡಿಲ್ಲ ಎಂದುಕೊಂಡೆ. ಒಂದೊಂದನ್ನೂ ನಲ್ಲಿಯಲ್ಲಿ ತೊಳೆದು, ಮುಚ್ಚಳ ಒತ್ತಿ, ಇದ್ದ ಹಾಗೆಯೇ ಜೋಡಿಸಿಟ್ಟೆ. ಅಷ್ಟು ಶುದ್ಧವಾಗಿ ನಾನು ನನ್ನ ಊಟದ ತಟ್ಟೆಯನ್ನೂ ತೊಳೆದವನಲ್ಲ.

ಡಬ್ಬವನ್ನು ಲ್ಯಾಬಿಗೆ ಒಯ್ದವಳು ಕೆಲವು ವಾರಗಳ ಮೇಲೆ ಫೋನು ಮಾಡಿದಳು. "ಏನ್ ಮಾಡುದ್ರೂ ನಕಲು ಬತ್ತಿಲ್ಲ ಮಾವ. ಶೀಶೇಲಿ ಬರೀ ನೀರಿದ್ದಂಗದೆ. ನನ್ ಕೈಲೇ ಏನೋ ತಪ್ಪಾಗದೆ. ಈಗ ಮರಾನೂ ಇಲ್ಲ."

ಆಗ ನನಗೆ ತಿಳಿಯಿತು. "ದೇವ್ರಿಚ್ಛೆ, ಬುಡವ್ವ" ಎಂದೆ. ದೇವರಾದರೂ ಎಷ್ಟು ಶೀಶೆ ತೊಳೆದಾನು?

ಅವಳು ಸಂಶೋಧನೆ ಬಿಟ್ಟಳು. ಪಾಂಡವಪುರದಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುತ್ತಾಳೆ. ಮೊನ್ನೆ ಬಂದಾಗ, ಮತ್ತೆ ಲ್ಯಾಬಿಗೆ ಹೋಗಬಾರದೇ ಎಂದೆ. "ಆ ಕೆಲ್ಸಕ್ಕೆ ಕೈ ಬೇಕು ಮಾವ, ನಂದು ಅಂಥ ಕೈಯಲ್ಲ" ಎಂದು ನಗುತ್ತಾ ತನ್ನ ಅಂಗೈ ನೋಡಿಕೊಂಡಳು.

ನಾನು ಕಾಫಿ ಕುಡಿದೆ.

ನಿನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ, ಸವಿತಾ.